ಡ್ರಿಫ್ಟ್ ಕಾರಿನ ಪರಿಭಾಷೆಯೂ ಟೈರಿನ ಲೆಕ್ಕವೂ

ಮುಂಗಾರಿನ ಮೊದಲ ಮಳೆ ಬಿದ್ದು ರಸ್ತೆ ಒದ್ದೆಯಾಗಿರುವಾಗ ಬೈಸಿಕಲ್ಲಿನ ಮೇಲೆ ಹೋಗುತ್ತ, ತಿರುವಿನಲ್ಲಿ ಹಿಂದಿನ ಬ್ರೇಕನ್ನು ಬಲವಾಗಿ ಹಿಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಹಿಂಚಕ್ರವು ಉರುಳುವುದನ್ನು ನಿಲ್ಲಿಸಿದೊಡನೆ ಪಕ್ಕಕ್ಕೆ ಸರಿಯುತ್ತದೆ. ಸವಾರನು, ಯಾರೂ ಹೇಳಿಕೊಡದಿದ್ದರೂ, ಹಿಂಚಕ್ರ ಸರಿದ ದಿಕ್ಕಿಗೇ ಹ್ಯಾಂಡಲ್ಲನ್ನು ಹೊರಳಿಸುತ್ತಾನೆ. ಸಮಯಕ್ಕೆ ಹೊರಳಿಸಿದರೆ ಉಳಿದ. ಇಲ್ಲವಾದರೆ ಮಂಡಿ ತರಚಿತು. ಇಲ್ಲಿ ಯೋಚಿಸತಕ್ಕ ಅಂಶವೊಂದುಂಟು. ಬ್ರೇಕು ಚಕ್ರದ ಮುಂದೋಟವನ್ನು ತಡೆಯುವ ಸಾಧನ. ಅದನ್ನು ಹಿಡಿದರೆ ಚಕ್ರ ನಿಧಾನವಾಗಬೇಕೇ ವಿನಾ ಅಡ್ಡಕ್ಕೆ ಏಕೆ ಜಾರಬೇಕು? ಈ ಪ್ರಶ್ನೆಯ ಉತ್ತರವನ್ನು ಬಲ್ಲವನು, ಡ್ರಿಫ್ಟ್ ಎಂಬ ಮೋಟಾರು ಕ್ರೀಡೆಯ ಅರ್ಧ ರಹಸ್ಯವನ್ನು ಬಲ್ಲಂತೆಯೇ ಸರಿ.

ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಅದರ ಮೂತಿ ತಿರುವಿನ ಒಳಮಗ್ಗುಲನ್ನು ನೋಡುತ್ತಿರುವಂತೆ, ತಿರುವಿನ ಉದ್ದಕ್ಕೂ ಗಾಡಿಯನ್ನು ಓರೆಯಾಗಿ ಒಯ್ಯುವುದಕ್ಕೆ ಡ್ರಿಫ್ಟ್ ಎಂದು ಹೆಸರು. ಇದರ ತವರು ಜಪಾನ್. ಕುನಿಮಿತ್ಸು ತಕಹಾಶಿ ಎಂಬಾತ ಮೊದಲು ಮೋಟಾರು ಬೈಸಿಕಲ್ ಪಂದ್ಯಗಾರ. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹೋಂಡಾ ಗಾಡಿಯ ಮೇಲೆ ಗೆದ್ದು, ಗ್ರಾನ್ ಪ್ರಿ ಮೋಟಾರು ಬೈಸಿಕಲ್ ಪಂದ್ಯವನ್ನು ಗೆದ್ದ ಮೊದಲ ಜಪಾನೀಯನೆನಿಸಿದವನು. ಮುಂದೆ ಕಾರಿನ ಪಂದ್ಯಗಳಿಗೆ ಬಂದ ಆತ 1970ರ ದಶಕದಲ್ಲಿ ತಿರುವುಗಳನ್ನು ಹಿಂಭಾಗ ಜಾರಿಸುತ್ತಲೇ ದಾಟುತ್ತಿದ್ದ. ಅದನ್ನು ಕಂಡು ಮೆಚ್ಚಿದ ಕೇಯಿಚಿ ತ್ಸುಚಿಯಾ ಎಂಬ ತರುಣ ಆ ವಿದ್ಯೆಯನ್ನು ಜಪಾನಿನ ಘಟ್ಟದ ರಸ್ತೆಗಳಲ್ಲಿ ಸಾಧಿಸಿದ. 1987ರಲ್ಲಿ ಆತನ ಚಾಲನೆಯ ವಿಡಿಯೋ ಚಿತ್ರವೊಂದು ಹೊರಬಂದು ಈ ಕಲೆ ದೇಶದಲ್ಲೆಲ್ಲ ಹರಡಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನಲ್ಲಿ ಡಿ1 ಗ್ರಾನ್ ಪ್ರಿ ಎಂಬ ಸ್ಪರ್ಧಾಮಾಲೆಯೂ, 2004ರಿಂದ ಅಮೆರಿಕದಲ್ಲಿ ಫಾರ್ಮುಲಾ ಡ್ರಿಫ್ಟ್ ಎಂಬುದೂ ನಡೆಯತೊಡಗಿದವು. ಚರಿತ್ರೆಯನ್ನು ಇಷ್ಟಕ್ಕೇ ಬಿಟ್ಟು ವಿಷಯಕ್ಕೆ ಬರೋಣ.

ನೋಡುವವರಿಗೆ ಡ್ರಿಫ್ಟ್ ಕಾರು ಹತೋಟಿ ತಪ್ಪಿದಂತೆ ತೋರುತ್ತದೆ. ಅದು ನಿಜವಲ್ಲ. ಹಿಡಿತವನ್ನು ಕಳೆದುಕೊಂಡಿರುವುವು ಹಿಂದಿನ ಎರಡು ಟೈರುಗಳು ಮಾತ್ರ. ಮುಂದಿನ ಎರಡು ಟೈರುಗಳು ನೆಲವನ್ನು ಕಚ್ಚಿಕೊಂಡೇ ಇರುತ್ತವೆ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಈ ಕ್ರೀಡೆಯ ಪರಿಭಾಷೆಯೂ, ಟೈರು ಜೋಡಣೆಯ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ತಿಳಿಯಬೇಕಾದ ಶಬ್ದ ಸ್ಲಿಪ್ ಆಂಗಲ್. ನಾವು ಇದನ್ನು ಜಾರುಕೋನ ಎನ್ನೋಣ. ಟೈರು ಮುಖಮಾಡಿರುವ ದಿಕ್ಕು ಒಂದು, ಅದು ವಾಸ್ತವವಾಗಿ ಸಾಗುತ್ತಿರುವ ದಿಕ್ಕು ಇನ್ನೊಂದು. ಇವೆರಡರ ನಡುವಣ ಕೋನವೇ ಜಾರುಕೋನ. ಸಾಮಾನ್ಯ ತಿರುವಿನಲ್ಲಿಯೂ ಈ ಕೋನ ಸೊನ್ನೆಯಾಗಿರುವುದಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ರಬ್ಬರು ಬಳುಕುವ ವಸ್ತು. ನೆಲಕ್ಕೆ ತಾಗಿದ ಭಾಗವು ಒಂದಿಷ್ಟು ತಿರುಚಿಕೊಂಡ ಹೊರತು ಅಡ್ಡಬಲ ಹುಟ್ಟುವುದಿಲ್ಲ. ಅಡ್ಡಬಲವಿಲ್ಲದೆ ಕಾರು ತಿರುಗಲಾರದು. ಜಾರುಕೋನ ಒಂದೆರಡು ಡಿಗ್ರಿಯಾಗಿರುವಾಗ ಅದು ಹೆಚ್ಚಿದಷ್ಟೂ ಅಡ್ಡಬಲ ಅದೇ ಪ್ರಮಾಣದಲ್ಲಿ ಏರುತ್ತದೆ. ಒಣರಸ್ತೆಯ ಮೇಲೆ ಸಾಮಾನ್ಯ ಟೈರಿಗೆ ಸುಮಾರು 6ರಿಂದ 10 ಡಿಗ್ರಿಯ ಹೊತ್ತಿಗೆ ಬಲವು ಶಿಖರವನ್ನು ಮುಟ್ಟುತ್ತದೆ. ಅಲ್ಲಿಂದಾಚೆಗೆ ಕೋನವನ್ನು ಎಷ್ಟು ಹೆಚ್ಚಿಸಿದರೂ ಬಲ ಏರುವುದಿಲ್ಲ, ಕೊಂಚ ಇಳಿಯಲೂ ಬಹುದು. ಶಿಖರದ ಈಚೆಗೆ ಇರುವುದು ಹಿಡಿತ, ಆಚೆಗೆ ಇರುವುದು ಜಾರಿಕೆ.

ಮುಂಚಕ್ರಗಳು ಮೊದಲು ಶಿಖರವನ್ನು ದಾಟಿದರೆ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ತಿರುಗದೆ ರಸ್ತೆಯ ಹೊರ ಅಂಚಿನತ್ತ ನುಗ್ಗುತ್ತದೆ, ಇದು ಅಂಡರ್‌ಸ್ಟಿಯರ್. ಹಿಂಚಕ್ರಗಳು ಮೊದಲು ದಾಟಿದರೆ ಹಿಂಭಾಗ ಹೊರಕ್ಕೆ ಬೀಸಿ, ಚಾಲಕ ಕೇಳಿದ್ದಕ್ಕಿಂತ ಹೆಚ್ಚಾಗಿ ಕಾರು ತಿರುಗುತ್ತದೆ, ಇದು ಓವರ್‌ಸ್ಟಿಯರ್. ಡ್ರಿಫ್ಟ್ ಎಂಬುದು ಹಿಡಿದು ನಿಲ್ಲಿಸಿದ ಓವರ್‌ಸ್ಟಿಯರ್. ಅದನ್ನು ನಿಲ್ಲಿಸುವ ಬಗೆಯನ್ನೇ ಬೈಸಿಕಲ್ ಸವಾರ ತಿಳಿಯದೆ ಮಾಡಿದ್ದು. ಬಲದಿಕ್ಕಿನ ತಿರುವಿನಲ್ಲಿ ಹಿಂಭಾಗ ಎಡಕ್ಕೆ ಜಾರಿದರೆ ಮುಂಚಕ್ರಗಳನ್ನೂ ಎಡಕ್ಕೆ ಹೊರಳಿಸಬೇಕು. ಇದಕ್ಕೆ ಕೌಂಟರ್‌ಸ್ಟಿಯರ್ ಅಥವಾ ಪ್ರತಿತಿರುವು ಎಂದು ಹೆಸರು. ಹೀಗೆ ಹೊರಳಿಸಿದಾಗ ಮುಂಚಕ್ರಗಳು ಕಾರಿನ ಮೈಯನ್ನು ಅನುಸರಿಸದೆ, ಕಾರು ನಿಜವಾಗಿ ಹೋಗುತ್ತಿರುವ ದಿಕ್ಕನ್ನು ನೋಡುತ್ತವೆ. ಅವುಗಳ ಜಾರುಕೋನ ಚಿಕ್ಕದಾಗಿಯೇ ಉಳಿಯುತ್ತದೆ, ಹಿಡಿತವೂ ಉಳಿಯುತ್ತದೆ. ಕಾರು 50 ಡಿಗ್ರಿ ಓರೆಯಾಗಿ ಹೋಗಬೇಕಾದರೆ ಮುಂಚಕ್ರಗಳೂ ಹೆಚ್ಚುಕಡಿಮೆ ಅಷ್ಟೇ ಹೊರಳಬೇಕಷ್ಟೆ. ಸಾಮಾನ್ಯ ಕಾರಿನಲ್ಲಿ ಅವು 40 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ಆದ್ದರಿಂದಲೇ ಸ್ಪರ್ಧೆಯ ಕಾರುಗಳಲ್ಲಿ ಸ್ಟಿಯರಿಂಗಿನ ಸಂದುಗಳನ್ನು ಮಾರ್ಪಡಿಸಿ 60 ಡಿಗ್ರಿಯವರೆಗೂ ಹೊರಳುವಂತೆ ಮಾಡಿರುತ್ತಾರೆ.

ಈಗ ಹಿಂಚಕ್ರಗಳ ವಿಚಾರ. ಬಾಟಲಿಯ ಬಿರಡೆ ಬಿಗಿಯಾಗಿ ಕೂತಿದ್ದರೆ ನಾವು ಅದನ್ನು ನೇರವಾಗಿ ಎಳೆಯುವುದಿಲ್ಲ, ತಿರುಗಿಸುತ್ತ ಎಳೆಯುತ್ತೇವೆ. ಏಕೆ? ಜಾರುತ್ತಿರುವ ಎರಡು ಮೈಗಳ ನಡುವಣ ಘರ್ಷಣೆಯು ಜಾರುವ ದಿಕ್ಕಿಗೆ ನೇರ ವಿರುದ್ಧವಾಗಿ ವರ್ತಿಸುತ್ತದೆ. ಬಿರಡೆಯನ್ನು ತಿರುಗಿಸುವಾಗ ಘರ್ಷಣೆಯ ಬಹುಪಾಲು ಆ ತಿರುಗುವಿಕೆಯನ್ನು ತಡೆಯುವುದರಲ್ಲಿಯೇ ವೆಚ್ಚವಾಗುತ್ತದೆ. ಮೇಲಕ್ಕೆ ಎಳೆಯುವ ಕೈಯನ್ನು ತಡೆಯಲು ಉಳಿಯುವುದು ಅಲ್ಪ. ಟೈರಿನಲ್ಲಿ ನಡೆಯುವುದೂ ಇದೇ. ಬ್ರೇಕು ಹಿಡಿದು ನಿಲ್ಲಿಸಿದ ಹಿಂಚಕ್ರ ಮುಂದಕ್ಕೆ ವೇಗವಾಗಿ ಜಾರುತ್ತಿದೆ, ಘರ್ಷಣೆಯೆಲ್ಲ ಹಿಮ್ಮುಖವಾಗಿದೆ, ಪಕ್ಕಕ್ಕೆ ಸರಿಯದಂತೆ ಹಿಡಿಯಲು ಏನೂ ಉಳಿದಿಲ್ಲ. ಬೈಸಿಕಲ್ಲಿನ ಪ್ರಶ್ನೆಗೆ ಉತ್ತರ ದೊರೆಯಿತು.

ಬ್ರೇಕಿಗೆ ಬದಲು ಆಕ್ಸಿಲರೇಟರನ್ನು ಒತ್ತಿ ಹಿಂಚಕ್ರಗಳು ನೆಲಕ್ಕಿಂತ ವೇಗವಾಗಿ ಸುತ್ತುವಂತೆ ಮಾಡಿದರೂ ಫಲ ಒಂದೇ. ಆದರೆ ಈಗ ಘರ್ಷಣೆ ಕಾರನ್ನು ಮುಂದಕ್ಕೆ ತಳ್ಳುತ್ತದೆ. ಟೈರು ಸೆಕೆಂಡಿಗೆ 6 ಮೀಟರ್ ಅಡ್ಡಕ್ಕೆ ಜಾರುತ್ತ, ಅದರ ತಳ ಸೆಕೆಂಡಿಗೆ 8 ಮೀಟರ್ ಹಿಂದಕ್ಕೆ ಉಜ್ಜುತ್ತಿದೆಯೆಂದು ಭಾವಿಸೋಣ. ಒಟ್ಟು ಜಾರುವೇಗ 10 ಮೀಟರ್. ಆಗ ಘರ್ಷಣೆಯ ಹತ್ತರಲ್ಲಿ ಆರು ಪಾಲು ಅಡ್ಡಕ್ಕೂ ಎಂಟು ಪಾಲು ಮುಂದಕ್ಕೂ ದೊರೆಯುತ್ತವೆ. (ಆರೂ ಎಂಟೂ ಹದಿನಾಲ್ಕಲ್ಲವೆ ಎಂದು ಕೇಳುವವರು ಪೈಥಾಗೊರಸನನ್ನು ನೆನೆಯಬೇಕು.) ಚಾಲಕ ಇನ್ನಷ್ಟು ಒತ್ತಿದರೆ ಅಡ್ಡಪಾಲು ಕುಗ್ಗಿ ಹಿಂಭಾಗ ಮತ್ತಷ್ಟು ಹೊರಕ್ಕೆ ಹೋಗುತ್ತದೆ, ಸಡಿಲಿಸಿದರೆ ಅಡ್ಡಪಾಲು ಹೆಚ್ಚಿ ಒಳಕ್ಕೆ ಬರುತ್ತದೆ. ಹೀಗೆ ಡ್ರಿಫ್ಟ್ ಮಾಡುವವನಿಗೆ ಎರಡು ಸ್ಟಿಯರಿಂಗುಗಳು: ಒಂದು ಕೈಯಲ್ಲಿ, ಇನ್ನೊಂದು ಬಲಗಾಲಿನ ಅಡಿಯಲ್ಲಿ. ಹೆದರಿ ಕಾಲನ್ನು ಥಟ್ಟನೆ ಎತ್ತಿದವನ ಗತಿ ಕೆಟ್ಟದ್ದು. ಹಿಂದಿನ ಟೈರುಗಳು ಒಮ್ಮೆಲೇ ನೆಲವನ್ನು ಕಚ್ಚುತ್ತವೆ, ಮುಂಚಕ್ರಗಳು ಇನ್ನೂ ಪ್ರತಿತಿರುವಿನಲ್ಲಿವೆ, ಕಾರು ವಿರುದ್ಧ ದಿಕ್ಕಿಗೆ ಚಿಮ್ಮುತ್ತದೆ. ಆರಂಭಿಕರ ಅಪಘಾತಗಳಲ್ಲಿ ಇದು ತೀರ ಪರಿಚಿತವಾದದ್ದು.

ಹಿಂಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ಕಾರೇ ಏಕೆ ಬೇಕೆಂಬುದು ಇದರಿಂದ ಸ್ಪಷ್ಟ. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಮುಂಚಕ್ರಗಳಿಂದ ಎಳೆಯಲ್ಪಡತಕ್ಕವು. ಹ್ಯಾಂಡ್ ಬ್ರೇಕಿನಿಂದ ಅವುಗಳ ಹಿಂಭಾಗವನ್ನು ಕ್ಷಣಕಾಲ ಜಾರಿಸಬಹುದು. ಜಾರಿಕೆಯನ್ನು ಉಳಿಸಿಕೊಳ್ಳಲು ಬಲಗಾಲಿಗೆ ಯಾವ ಉಪಾಯವೂ ಇಲ್ಲ.

ಜಾರಿಕೆಯನ್ನು ಆರಂಭಿಸುವ ಬಗೆಗಳಿಗೆ ಬೇರೆ ಬೇರೆ ಹೆಸರುಗಳುಂಟು. ಕ್ಲಚ್ಚನ್ನು ಒತ್ತಿ, ಎಂಜಿನ್ನಿನ ಸುತ್ತನ್ನು ಏರಿಸಿ, ಕ್ಲಚ್ಚನ್ನು ಫಕ್ಕನೆ ಬಿಟ್ಟು ಹಿಂಚಕ್ರಗಳಿಗೆ ಏಟುಕೊಡುವುದು ಕ್ಲಚ್ ಕಿಕ್. ಹ್ಯಾಂಡ್ ಬ್ರೇಕನ್ನು ಎಳೆದು ಹಿಂಚಕ್ರಗಳನ್ನು ನಿಲ್ಲಿಸುವುದು ಇನ್ನೊಂದು. ಕೇವಲ ಎಂಜಿನ್ನಿನ ಬಲದಿಂದ ಚಕ್ರಗಳನ್ನು ಸುತ್ತಿಸುವುದು ಪವರ್ ಓವರ್. ಫೇಂಟ್ ಎಂಬುದು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ: ಬಲಕ್ಕೆ ತಿರುಗಬೇಕಾದವನು ಮೊದಲು ಎಡಕ್ಕೆ ತಿರುಗಿಸಿ, ಕಾರಿನ ಭಾರ ಒಂದು ಮಗ್ಗುಲಿಗೆ ವಾಲಿದಾಗ ಥಟ್ಟನೆ ಬಲಕ್ಕೆ ಹೊರಳಿಸುತ್ತಾನೆ. ವಾಲಿದ ಭಾರ ಜೋಕಾಲಿಯಂತೆ ಮರಳಿ ಬೀಸುವಾಗ ಹಿಂಭಾಗವನ್ನು ತನ್ನೊಡನೆ ಒಯ್ಯುತ್ತದೆ. ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯೂ ಮುಖ್ಯ. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಭಾರ ಕಡಿಮೆಯಾದ ಒಳಚಕ್ರ ಮಾತ್ರ ವೃಥಾ ಸುತ್ತುತ್ತದೆ. ಎರಡೂ ಕೂಡಿ ಸುತ್ತುವಂತೆ ಬಿಗಿಹಿಡಿಯುವ ಬಗೆಯದಕ್ಕೆ ಲಿಮಿಟೆಡ್ ಸ್ಲಿಪ್ ಎಂದು ಹೆಸರು. ಸ್ಪರ್ಧೆಯಲ್ಲಿ ಕಾರು ಹಿಡಿದ ಹಾದಿಗೆ ಲೈನ್ ಎಂದೂ, ಓರೆಯ ಪ್ರಮಾಣಕ್ಕೆ ಆಂಗಲ್ ಎಂದೂ, ಅತಿ ಸಮೀಪದಿಂದ ಸವರಿಹೋಗಬೇಕಾದ ಗುರುತಿಗೆ ಕ್ಲಿಪಿಂಗ್ ಪಾಯಿಂಟ್ ಎಂದೂ ಹೇಳುತ್ತಾರೆ. ಎರಡು ಕಾರುಗಳು ಒಂದರ ಬೆನ್ನಿಗೊಂದು ಜಾರುತ್ತ ಹೋಗುವುದು ಟ್ಯಾಂಡೆಮ್.

ಇನ್ನು ಟೈರು. 1200 ಕಿಲೋಗ್ರಾಂ ತೂಕದ ಕಾರಿನ ಒಂದೊಂದು ಚಕ್ರದ ಮೇಲೆ ಸರಾಸರಿ 300 ಕಿಲೋ ಭಾರವಿದೆ. ಟೈರಿನೊಳಗಿನ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡದ್ದಾದರೆ, ನೆಲಕ್ಕೆ ತಾಗುವ ಭಾಗ ಸುಮಾರು 150 ಚದರ ಸೆಂಟಿಮೀಟರು, ಒಂದು ಅಂಗೈಯಷ್ಟು. ಅಗಲವಾದ ಟೈರು ಹಾಕಿದರೂ ಅದೇ ಒತ್ತಡದಲ್ಲಿ ಈ ವಿಸ್ತೀರ್ಣ ಹೆಚ್ಚೇನೂ ಬದಲಾಗದು. ಅದರ ಆಕಾರ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಅಷ್ಟೆ. ಹಾಗಾದರೆ ಅಗಲ ಟೈರಿನಿಂದ ಲಾಭವೇನು? 1699ರಲ್ಲಿ ಫ್ರಾನ್ಸಿನ ಅಮೊಂತೋಂ ಪ್ರಕಟಿಸಿದ ನಿಯಮದಂತೆ ಘರ್ಷಣೆ ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸದು. ತರಗತಿಗಳಲ್ಲಿ ನಾವು ಹೇಳಿಕೊಡುವುದೂ ಅದನ್ನೇ. ಮರ, ಲೋಹಗಳಿಗೆ ಸಲ್ಲುವ ಈ ನಿಯಮಕ್ಕೆ ರಬ್ಬರು ಪೂರ್ತಿ ವಿಧೇಯವಲ್ಲ. ಅದು ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ; ಚದರ ಸೆಂಟಿಮೀಟರಿನ ಮೇಲೆ ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಅಗಲ ಟೈರಿನಲ್ಲಿ ಗಾಳಿಯನ್ನು ಕಡಿಮೆಮಾಡಿ ಭಾರವನ್ನು ಹಂಚಬಹುದು. ಉಜ್ಜಿ ಹುಟ್ಟಿದ ಶಾಖವೂ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ. ಆದ್ದರಿಂದ ಬೇಗ ಸವೆಯುವ ಮೃದು ರಬ್ಬರನ್ನು ಬಳಸಲು ಧೈರ್ಯ ಬರುತ್ತದೆ.

ಕಲಿಯುವವನಿಗೆ ಮುಂದೆ ಒಳ್ಳೆಯ, ಹಿಡಿತವುಳ್ಳ ಟೈರು ಬೇಕು. ಹಿಂದಕ್ಕೆ ಗಡುಸಾದ ಅಗ್ಗದ ಟೈರು ಸಾಕು. ಗಡುಸು ಟೈರು ಕಡಿಮೆ ವೇಗದಲ್ಲಿಯೇ ಜಾರುವುದರಿಂದ ತಪ್ಪಿನ ಬೆಲೆಯೂ ಕಡಿಮೆ. ಎಂಜಿನ್ನಿನ ಶಕ್ತಿ ಹೇರಳವಾಗಿರುವ ಸ್ಪರ್ಧಿಗಳು ಮಾತ್ರ ಹಿಂದಕ್ಕೂ ಅಂಟುವ ಟೈರನ್ನೇ ಹಾಕಿ, ಹೊಗೆಯ ಮೋಡವನ್ನೆಬ್ಬಿಸಿ, ಕೆಲವೇ ಓಟಗಳಲ್ಲಿ ಅವನ್ನು ಮುಗಿಸುತ್ತಾರೆ. ಮುಂಚಕ್ರಗಳ ತಲೆ ಒಳಕ್ಕೆ ವಾಲಿರುವುದಕ್ಕೂ ಕಾರಣವಿದೆ. ಆ ವಾಲಿಕೆಗೆ ನೆಗೆಟಿವ್ ಕ್ಯಾಂಬರ್ ಎಂದು ಹೆಸರು. ಪ್ರತಿತಿರುವಿನಲ್ಲಿ ಭಾರಹೊತ್ತ ಹೊರಚಕ್ರದ ತಲೆ ಹೊರಕ್ಕೆ ವಾಲತೊಡಗುತ್ತದೆ. ಮೊದಲೇ ಒಳಕ್ಕೆ ವಾಲಿಸಿದ್ದರೆ ಆ ಹೊತ್ತಿಗೆ ಅದು ನೆಟ್ಟಗಾಗಿ ನೆಲದ ಮೇಲೆ ಪೂರ್ತಿ ಕೂರುತ್ತದೆ.

ಜಪಾನಿನ ಈ ಆಟದ ನೆರಳು ನಮ್ಮ ಊರುಗಳ ಟೈರಂಗಡಿಗಳ ಮೇಲೂ ಬಿದ್ದಿದೆ. ಡ್ರಿಫ್ಟ್ ಮಾಡದಿದ್ದರೂ ಡ್ರಿಫ್ಟ್ ಕಾರಿನ ಚಂದ ಬೇಕು. ಅಗಲ ರಿಮ್ಮು ಮಡ್‌ಗಾರ್ಡಿನ ಅಂಚಿಗೆ ಬಂದು ನಿಲ್ಲಬೇಕು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂತಹ ರಿಮ್ಮುಗಳನ್ನು ಕೊಂಡು ಬಂದ. ಒಬ್ಬನೇ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಕರಕರ ಸದ್ದು. ಅಂಗಡಿಯಾತ "ಸೈಜು ಸರಿಯಾಗಿದೆ" ಎಂದು ಸಾಧಿಸಿದ್ದನಂತೆ. ನಾನು ಬಗ್ಗಿ ನೋಡಿದಾಗ ಹಿಂದಿನ ಎಡ ಟೈರಿನ ಭುಜ ಮಡ್‌ಗಾರ್ಡಿನ ತಗಡಿನ ಅಂಚಿಗೆ ಉಜ್ಜಿ, ಒಳಗಿನ ನೂಲಿನ ಪದರ ಹೊರಗೆ ಕಾಣುತ್ತಿತ್ತು. ಮರುದಿನ ಆ ಕುಟುಂಬ ಧರ್ಮಸ್ಥಳಕ್ಕೆ ಹೊರಡುವುದಿತ್ತು. ಹೆದ್ದಾರಿಯ ವೇಗದಲ್ಲಿ ಆ ಟೈರು ಸಿಡಿಯದೆ ಉಳಿಯುತ್ತಿತ್ತೆಂದು ನಾನು ನಂಬಲಾರೆ.

ಅಂಗಡಿಯಾತ ಹೇಳಿದುದರಲ್ಲಿ ಅರ್ಧ ಸತ್ಯವಿತ್ತು. ಹಳೆಯ ಟೈರಿನ ಮೇಲೆ 185/65 ಆರ್ 15 88 ಎಚ್ ಎಂದಿತ್ತು. ಇದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಆರ್ ಎಂದರೆ ರೇಡಿಯಲ್ ರಚನೆ. 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಗುರುತಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಕಲಸಿದ ಪುಣ್ಯಾತ್ಮರು ಯಾರೋ! (1975ರಲ್ಲಿ ಮಿಶೆಲಿನ್ ಸಂಸ್ಥೆ ರಿಮ್ಮನ್ನೂ ಮಿಲಿಮೀಟರಿಗೆ ತರಲು ಯತ್ನಿಸಿತು, ಅದು ನೆಲೆಯೂರಲಿಲ್ಲ.) 88 ಎಂಬುದು ಭಾರದ ಸಂಕೇತ, ಪಟ್ಟಿಯಂತೆ 560 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಾಳಿಕೆ. ಗೋಡೆಯ ಎತ್ತರ 120.25 ಮಿ.ಮೀ.; ಅದರ ಎರಡರಷ್ಟಕ್ಕೆ ರಿಮ್ಮಿನ 381 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 621.5 ಮಿ.ಮೀ.

ಹೊಸದು 205/50 ಆರ್ 16 87. ಇದೇ ರೀತಿ ಲೆಕ್ಕಹಾಕಿದರೆ ವ್ಯಾಸ 611.4 ಮಿ.ಮೀ. ವ್ಯತ್ಯಾಸ ಶೇಕಡಾ 1.6 ಮಾತ್ರ, ಸ್ಪೀಡೋಮೀಟರು ಅಷ್ಟು ಹೆಚ್ಚು ತೋರಿಸುತ್ತದೆ, ಹಾನಿಯಿಲ್ಲ. ಅಂಗಡಿಯಾತ "ಸರಿ" ಎಂದದ್ದು ಈ ವ್ಯಾಸವನ್ನು ನೋಡಿ. ಆದರೆ 87ರ ಸಂಕೇತಕ್ಕೆ 545 ಕಿಲೋ ಮಾತ್ರ. ಕಣ್ಣಿಗೆ ದಪ್ಪವಾಗಿ ಕಾಣುವ ಹೊಸ ಟೈರು ಹಳೆಯದಕ್ಕಿಂತ 15 ಕಿಲೋ ಕಡಿಮೆ ಹೊರುವಂಥದು!

ನಿಜವಾದ ದೋಷ ರಿಮ್ಮಿನಲ್ಲಿತ್ತು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಕಾರಿನ ಹಬ್ಬಿಗೆ ಕೂರುವ ಮುಖ ಆ ಗೆರೆಗಿಂತ ಎಷ್ಟು ಮಿ.ಮೀ. ಹೊರಗಿದೆಯೋ ಅದು ಆಫ್‌ಸೆಟ್. ರಿಮ್ಮಿನ ಒಳಮಗ್ಗುಲಲ್ಲಿ ಇ.ಟಿ. ಎಂಬ ಅಕ್ಷರಗಳ ಮುಂದೆ ಇದನ್ನು ಅಚ್ಚುಹಾಕಿರುತ್ತಾರೆ. ಹಳೆಯ ರಿಮ್ಮು 6 ಇಂಚು ಅಗಲ, ಆಫ್‌ಸೆಟ್ 45. ಅರ್ಧ ಅಗಲ 76.2 ಮಿ.ಮೀ.; ಅದರಲ್ಲಿ 45 ಕಳೆದರೆ ಹಬ್ಬಿನಿಂದ ಹೊರ ಅಂಚಿಗೆ 31.2, ಕೂಡಿಸಿದರೆ ಒಳ ಅಂಚಿಗೆ 121.2. ಹೊಸದು 7.5 ಇಂಚು, ಆಫ್‌ಸೆಟ್ 25. ಅರ್ಧ ಅಗಲ 95.25, ಹೊರ ಅಂಚಿಗೆ 70.25, ಒಳ ಅಂಚಿಗೆ 120.25. ಒಳಗೆ ಬದಲಾದದ್ದು 1 ಮಿ.ಮೀ.; ಹೊರಗೆ 39 ಮಿ.ಮೀ.! ಸೇರಿಸಿದ ಅಗಲವೆಲ್ಲ ಮಡ್‌ಗಾರ್ಡಿನ ಕಡೆಗೇ ಹೋಗಿತ್ತು. ಹೀಗೆ ಹೊರಚಾಚಿದ ಚಕ್ರ ಸನ್ನೆಗೋಲಿನಂತೆ ಬೇರಿಂಗುಗಳ ಮೇಲೂ ಹೆಚ್ಚಿನ ಹೊರೆ ಹಾಕುತ್ತದೆ.

ಡ್ರಿಫ್ಟ್ ಕಾರಿನಲ್ಲಿ ಇದನ್ನು ಬೇಕೆಂದೇ ಮಾಡುವುದುಂಟು. ಆದರೆ ಅಲ್ಲಿ ಮಡ್‌ಗಾರ್ಡಿನ ಅಂಚನ್ನು ಮಡಿಚಿ, ಅಗಲಿಸಿ, ಸ್ಪ್ರಿಂಗುಗಳನ್ನು ಗಡುಸುಗೊಳಿಸಿರುತ್ತಾರೆ. ಅಲ್ಲಿನ ಇನ್ನೊಂದು ಪದ್ಧತಿ ಕಿರಿದಾದ ಟೈರನ್ನು ಅಗಲ ರಿಮ್ಮಿಗೆ ಹಿಗ್ಗಿಸಿ ಕೂರಿಸುವುದು. 205/55 ಆರ್ 16 ಟೈರಿಗೆ ಒಪ್ಪಿತವಾದ ರಿಮ್ಮಿನ ಅಗಲ 5.5ರಿಂದ 7.5 ಇಂಚು. ಅದನ್ನು 9 ಇಂಚಿನ ಮೇಲೆ ಹಿಗ್ಗಿಸಿದರೆ ಗೋಡೆ ಓರೆಯಾಗಿ ನಿಂತು ಅಂಚಿಗೆ ತಾಗದೆ ಪಾರಾಗಬಹುದು. ಆದರೆ ಗಾಳಿ ಕೊಂಚ ಇಳಿದು ಒಂದು ಗುಂಡಿಗೆ ಬಿದ್ದರೆ ಟೈರಿನ ಬಾಯಂಚು ರಿಮ್ಮಿನಿಂದ ಕಳಚಿಕೊಳ್ಳುವ ಭಯವುಂಟು. ನಮ್ಮ ರಸ್ತೆಗಳಲ್ಲಿ ಗುಂಡಿಗೆ ಬರವೇ?

ಬೋಲ್ಟುಗಳ ವಿಚಾರವನ್ನೂ ನೋಡಬೇಕು. ರಿಮ್ಮಿನ ತೂತುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸಕ್ಕೆ ಪಿ.ಸಿ.ಡಿ. ಎಂದು ಹೆಸರು. 5×114.3 ಎಂದರೆ ಆ ವ್ಯಾಸದ ವೃತ್ತದ ಮೇಲೆ ಐದು ತೂತು, 114.3 ಮಿ.ಮೀ. ಎಂಬುದು ವೇಷ ಮರೆಸಿಕೊಂಡ ನಾಲ್ಕೂವರೆ ಇಂಚು. ಅಪಾಯವಿರುವುದು 4×98 ಮತ್ತು 4×100ರಲ್ಲಿ. ಎರಡೂ ನಮ್ಮ ದೇಶದ ಕಾರುಗಳಲ್ಲಿ ಬಂದಿವೆ. ವ್ಯತ್ಯಾಸ 2 ಮಿ.ಮೀ. ಮಾತ್ರ. ಬಲಪ್ರಯೋಗದಿಂದ ಬಿಗಿದರೆ ಕೂತಂತೆಯೇ ತೋರುತ್ತದೆ. ಆದರೆ ಬೋಲ್ಟುಗಳು ಓರೆಯಾಗಿ ನಿಂತು, ಓಡಿದಂತೆಲ್ಲ ಸಡಿಲಗೊಳ್ಳುತ್ತವೆ. ಚಕ್ರವನ್ನು ಹೊರತಳ್ಳಲು ನಡುವೆ ತೂರಿಸುವ ಸ್ಪೇಸರ್ ಎಂಬ ಬಿಲ್ಲೆಯಿಂದಲೂ ಇಂತಹುದೇ ಕೇಡು: ಬಿಲ್ಲೆ ಎಷ್ಟು ದಪ್ಪವೋ ಅಷ್ಟು ಮರೆಸುತ್ತು ನಟ್ಟಿಗೆ ಸಿಗದೆ ಹೋಗುತ್ತದೆ.

ಟೈರಿನ ವಯಸ್ಸನ್ನೂ ನೋಡಬೇಕು. ಪಕ್ಕದ ಗೋಡೆಯ ಮೇಲೆ ಒಂದು ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಡ್ರಿಫ್ಟಿಗೆಂದು ಅಗ್ಗಕ್ಕೆ ಮಾರುವ ಹಳೆಯ ಟೈರುಗಳ ರಬ್ಬರು ಒಣಗಿ ಗೋಡೆಯಲ್ಲಿ ಸೀಳುಗಳು ಮೂಡಿರುವುದುಂಟು. ಮುಚ್ಚಿದ ಮೈದಾನದಲ್ಲಿ ನಿಧಾನವಾಗಿ ಜಾರಿಸುವಾಗ ಅದು ಹರಿದರೆ ನಷ್ಟ ಅಲ್ಪ. ಸಾರ್ವಜನಿಕ ರಸ್ತೆಯ ಮಾತು ಬೇರೆ. ಅಲ್ಲಿ ಅನುಮತಿಯಿಲ್ಲದೆ ಪಂದ್ಯ ಹೂಡುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಪ್ರಕರಣದಂತೆ ಅಪರಾಧವೂ ಹೌದು.

ನನ್ನ ವಿದ್ಯಾರ್ಥಿ ಆ ರಾತ್ರಿಯೇ ಹಳೆಯ ಚಕ್ರಗಳನ್ನು ಮತ್ತೆ ಹಾಕಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದ. ಬಳಿಕ ಇಬ್ಬರೂ ಕಾಗದ ಹಿಡಿದು ಕುಳಿತೆವು. 6.5 ಇಂಚು ಅಗಲ, 42 ಆಫ್‌ಸೆಟ್ಟಿನ 15 ಇಂಚಿನ ರಿಮ್ಮು; ಅದಕ್ಕೆ 195/60 ಆರ್ 15 88 ಟೈರು. ವ್ಯಾಸ 615 ಮಿ.ಮೀ., ಭಾರ ಮೊದಲಿನಂತೆಯೇ 560 ಕಿಲೋ, ಹೊರ ಅಂಚು ಸರಿದದ್ದು 9 ಮಿ.ಮೀ., ಒಳ ಅಂಚು 3 ಮಿ.ಮೀ. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಬಿಗಿದು ನೋಡಿದೆವು. ಈಗ ಹಿಂದಿನ ಸೀಟಿನಲ್ಲಿ ಮೂವರು ಕುಳಿತರೂ ಕರಕರ ಸದ್ದಿಲ್ಲ.